ಉಪಕೇಂದ್ರದ ಸಿಸ್ಟರ್‌ಗೆ ಔಷಧಿ ವಿಷಯ ಹೇಗೆ ಗೊತ್ತಾಗುತ್ತೆ?

ನೀವು ಕೇಳಿದ್ದು ಇಷ್ಟು: "ನಮ್ಮೂರ ಉಪಕೇಂದ್ರದಲ್ಲಿ ಡಾಕ್ಟರ್ ಇಲ್ಲ, ಸಿಸ್ಟರೇ ಮಾತ್ರೆ ಕೊಡ್ತಾರೆ. ಯಾವುದು, ಎಷ್ಟು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ? ನಂಬಬಹುದಾ?" ನಾನೂ ಅಂಥದೇ ಸಿಸ್ಟರ್. ವಿರಾಜಪೇಟೆ ಕಡೆಯ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ.

ಇಂಗ್ಲೆಂಡಿನಲ್ಲಿ ಅದಕ್ಕೆಂದೇ ತರಬೇತಿ ಪಡೆದ ನರ್ಸ್‌ಗಳು 2006ರಿಂದ ಹೆಚ್ಚುಕಡಿಮೆ ಎಲ್ಲ ಔಷಧಿಯನ್ನೂ ತಾವೇ ಬರೆದುಕೊಡುತ್ತಾರೆ. ನಮಗೆ ಅಷ್ಟು ಅಧಿಕಾರ ಇಲ್ಲ. ಜ್ವರ, ಭೇದಿಯಂಥ ಸಣ್ಣಪುಟ್ಟದ್ದಕ್ಕೆ ಕೈಪಿಡಿಯಲ್ಲಿ ಇದ್ದಂತೆ ಕೊಡುತ್ತೇವೆ. ಬಿಪಿ, ಶುಗರ್‌ಗೆ ಡಾಕ್ಟರ್ ಶುರು ಮಾಡಿದ ಮಾತ್ರೆಯನ್ನು ತಿಂಗಳು ತಿಂಗಳು ಕೊಡುತ್ತೇವೆ. ಆದರೂ ಜನ ಮೊದಲು ಕೇಳುವುದು ನಮ್ಮನ್ನೇ ಅಲ್ವಾ?

ಸಂಶಯ ಬಂದರೆ ನಾನು ಮೊದಲು ಮಾಡುವುದು ಫೋನ್. ಪಿಎಚ್‌ಸಿ ಡಾಕ್ಟರ್‌ಗೆ, ಫಾರ್ಮಸಿಸ್ಟ್‌ಗೆ, ಇಲ್ಲವೇ ಹಿರಿಯ ಸಿಸ್ಟರ್ ಒಬ್ಬರಿಗೆ. ಕೇಳುವುದು ತಪ್ಪಲ್ಲ. ಆದರೆ ಕೇಳಿದ್ದನ್ನು ಬರಹದಲ್ಲೂ ನೋಡಿಕೊಳ್ಳಬೇಕು. ಕಕ್ಕಡದ ಮಳೆಯಲ್ಲಿ ಇಲ್ಲಿ ಕರೆಂಟೂ ಹೋಗುತ್ತೆ, ನೆಟ್‌ವರ್ಕೂ ಹೋಗುತ್ತೆ. ಅದಕ್ಕೇ ಮೇಜಿನ ಮೇಲೆ ಪುಸ್ತಕ ಇರಲೇಬೇಕು.

ಒಂದು ದಿನ ಹತ್ತು ಕಿಲೋ ತೂಕದ ಮಗುವಿಗೆ ಜ್ವರ. ತಾಯಿ ಪೇಟೆಯ ಮೆಡಿಕಲ್‌ನಿಂದ ತಂದ ಪ್ಯಾರಸಿಟಮಾಲ್ ಸಿರಪ್ ತೋರಿಸಿ "ಎಷ್ಟು ಕುಡಿಸ್ಲಿ ಸಿಸ್ಟರ್?" ಅಂದರು. "ಐದು ಎಂಎಲ್" ಅಂತ ಬಾಯಿಗೆ ಬಂದಿತ್ತು. ಬಾಟಲಿ ತಿರುಗಿಸಿ ನೋಡಿದೆ. ನಾನು ದಿನಾ ಕೊಡುವ ಸಿರಪ್‌ನಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ. ಇದರಲ್ಲಿ 250. ಕಿಲೋಗೆ 15 ಮಿಲಿಗ್ರಾಂ ಲೆಕ್ಕ ಹಾಕಿದರೆ ಆ ಮಗುವಿಗೆ ಒಂದು ಸಲಕ್ಕೆ 150 ಸಾಕು, ಅಂದರೆ 3 ಎಂಎಲ್. ಅವತ್ತು ನನ್ನ ಕೈ ನಡುಗಿತು. ಈಗ ಲೇಬಲ್ ಓದದೆ, ಮಗುವನ್ನು ತೂಗದೆ ನಾನು ಅಳತೆ ಹೇಳುವುದಿಲ್ಲ.

ಬರಹ ಸಿಕ್ಕಿದರೂ ಯಾರು ಬರೆದದ್ದು, ಯಾವ ವರ್ಷದ್ದು ಅಂತ ನೋಡುತ್ತೇನೆ. ಕೇಂದ್ರ ಸರ್ಕಾರದ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ ತರುವ ನ್ಯಾಷನಲ್ ಫಾರ್ಮುಲರಿ ಆಫ್ ಇಂಡಿಯಾ ಅನ್ನುವ ಔಷಧಿ ಕೈಪಿಡಿಯನ್ನು ನಂಬುತ್ತೇನೆ. ಕಂಪನಿಯವರು ಕೊಡುವ ಮಿರಿಮಿರಿ ಹಾಳೆಯಲ್ಲಿ ಗುಣವೇ ಜಾಸ್ತಿ, ತೊಂದರೆ ಕೆಳಗೆ ಸಣ್ಣ ಅಕ್ಷರದಲ್ಲಿ. ನಾನು ಕೆಳಗಿನಿಂದಲೇ ಓದಲು ಶುರು ಮಾಡುತ್ತೇನೆ. ಇನ್ನು ವರ್ಷ. ನೋವು, ಜ್ವರಕ್ಕೆ ಕೊಡುವ ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ 2011ರಲ್ಲೇ ನಿಷೇಧವಾಯಿತು. ಅದಕ್ಕೂ ಹಿಂದಿನ ಪುಸ್ತಕ ಹಿಡಿದು ಕೂತರೆ ಏನು ಗತಿ?

ತೋಟದ ಕೆಲಸಗಾರರ ಲೈನ್ ಮನೆಯ ಅಜ್ಜಿಯೊಬ್ಬರು ಕಾಲು ಊದಿಕೊಂಡು ಬಂದಿದ್ದರು. ಯಾರೋ "ಕಿಡ್ನಿ ಹೋಗಿದೆ" ಅಂತ ಹೆದರಿಸಿದ್ದರು. ಚೀಲದಿಂದ ಮಾತ್ರೆ ಸುರಿಸಿ ನೋಡಿದರೆ ಬಿಪಿಗೆ ಅಮ್ಲೋಡಿಪಿನ್. ಅದರಿಂದ ಪಾದ ಊದುವುದುಂಟು ಅಂತ ಪುಸ್ತಕದಲ್ಲಿದೆ. ಆದರೆ ಊತಕ್ಕೆ ಬೇರೆ ಕಾರಣವೂ ಇರಬಹುದು, ಮಾತ್ರೆ ನಿಲ್ಲಿಸುವುದು ನನ್ನ ಕೆಲಸವೂ ಅಲ್ಲ. ಸರ್ಕಾರದ ವಿಡಿಯೋ ಕರೆ ಸೇವೆ ಇ-ಸಂಜೀವಿನಿಯಲ್ಲಿ ಡಾಕ್ಟರ್‌ಗೆ ತೋರಿಸಿದೆ. ಅವರು ರಕ್ತ, ಮೂತ್ರ ಪರೀಕ್ಷೆ ಮಾಡಿಸಿ ಮಾತ್ರೆ ಬದಲಿಸಿದರು. ಮುಂದಿನ ತಿಂಗಳು ಅಜ್ಜಿ ಚಪ್ಪಲಿ ಹಾಕಿಕೊಂಡೇ ಬಂದರು.

ನಿಮ್ಮ ಸಿಸ್ಟರ್ ಪುಸ್ತಕ ತೆಗೆದು ನೋಡಿದರೆ, ಫೋನ್ ಮಾಡಿ ಕೇಳಿದರೆ, ಏನೂ ಗೊತ್ತಿಲ್ಲ ಅಂದುಕೊಳ್ಳಬೇಡಿ. ಅಂಥವರನ್ನೇ ನಂಬಿ. ಹೋಗುವಾಗ ಮನೆಯಲ್ಲಿರುವ ಮಾತ್ರೆ, ಸಿರಪ್ ಎಲ್ಲ ತೆಗೆದುಕೊಂಡು ಹೋಗಿ. ಸ್ಟ್ರಿಪ್ ಕತ್ತರಿಸುವಾಗ ಹೆಸರು, ತಾರೀಕು ಇರುವ ತುದಿಯನ್ನು ಮಾತ್ರ ಎಸೆಯಬೇಡಿ.