ಐಸ್ ಹಾಕಿದರೆ ಸುಮ್ಮನಿರುವ ಸೋಡಾ, ಐಸ್‌ಕ್ರೀಂಗೆ ಉಕ್ಕುವುದೇಕೆ?

ಗೋಲಿ ಸೋಡಾಗೆ ಐಸ್ ಹಾಕಿದರೆ ಸ್ವಲ್ಪ ಬುಸ್ ಎಂದು ಸುಮ್ಮನಾಗುತ್ತದೆ, ವೆನಿಲ್ಲಾ ಐಸ್‌ಕ್ರೀಂ ಹಾಕಿದರೆ ಮಾತ್ರ ಟೇಬಲ್ ತುಂಬ ನೊರೆ, ಸೋಡಾ ಕೆಟ್ಟಿತ್ತಾ ಅಂತ ಕೇಳಿದ್ದೀರಿ. ಕೆಟ್ಟಿಲ್ಲ ಬಿಡಿ.

ಸೋಡಾದಲ್ಲಿ ಕಾರ್ಬನ್ ಡೈಆಕ್ಸೈಡನ್ನು ಒತ್ತಡ ಹಾಕಿ ಕರಗಿಸಿರುತ್ತಾರೆ. ಗೋಲಿ ಒಳಗೆ ಬಿದ್ದರೆ ಒತ್ತಡ ಹೋಯಿತು, ಗ್ಯಾಸ್ ಹೊರಗೆ ಬರಲು ಕಾಯುತ್ತಿರುತ್ತದೆ, ಆದರೆ ಗುಳ್ಳೆ ಹುಟ್ಟಲು ಒಂದು ಜಾಗ ಬೇಕು. ಐಸ್‌ಕ್ರೀಂ ತುಂಬ ಅಂಥ ಜಾಗಗಳೇ: ಕಣ್ಣಿಗೆ ಕಾಣದ ಗಾಳಿಗುಳ್ಳೆ, ಐಸ್ ಹರಳು. ಕೆಲವು ಐಸ್‌ಕ್ರೀಂನಲ್ಲಿ ಹತ್ತಿರ ಹತ್ತಿರ ಅರ್ಧ ಗಾಳಿಯೇ. (ನಾವು ದುಡ್ಡು ಕೊಡುವುದು ಅದಕ್ಕೂ ಸೇರಿ!)

ಗುಳ್ಳೆ ಐಸ್‌ಗೂ ಬರುತ್ತದೆ, ಆದರೆ ತಕ್ಷಣ ಒಡೆಯುತ್ತದೆ. ಇಲ್ಲಿ ಹಾಲಿನ ಪ್ರೋಟೀನ್ ಪ್ರತಿ ಗುಳ್ಳೆಗೂ ತೆಳ್ಳನೆ ಪದರ ಕಟ್ಟಿ ಒಡೆಯದಂತೆ ಹಿಡಿಯುತ್ತದೆ. ಒಲೆ ಮೇಲೆ ಹಾಲು ಉಕ್ಕುತ್ತದೆ, ನೀರು ಎಷ್ಟು ಕುದ್ದರೂ ಹಾಗೆ ಉಕ್ಕಲ್ಲ, ಅಲ್ವಾ? ಅದೇ ಕಥೆ. ಜೊತೆಗೆ ಎಷ್ಟೋ ಐಸ್‌ಕ್ರೀಂಗಳಲ್ಲಿ ಗೋರಿಕಾಯಿ ಬೀಜದ ಅಂಟು ಇರುತ್ತದೆ, ಅದು ದ್ರವವನ್ನು ಮಂದ ಮಾಡುವುದರಿಂದ ನೊರೆ ಬೇಗ ಇಳಿಯಲ್ಲ.

ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ಅಂಗಡಿ ಮುಂದೆ ಕೂತಿದ್ದ ಸೋಡಾ ಆದರೆ ಇನ್ನೂ ಜಾಸ್ತಿ ಉಕ್ಕುತ್ತದೆ, ಬೆಚ್ಚಗಿನ ನೀರು ಗ್ಯಾಸ್ ಹಿಡಿದಿಡಲ್ಲ. ಚೆನ್ನಾಗಿ ತಣ್ಣಗೆ ಮಾಡಿ, ಲೋಟ ಓರೆ ಹಿಡಿದು ನಿಧಾನ ಸುರಿಯಿರಿ, ಮೇಲೆ ಮೂರನೇ ಒಂದು ಭಾಗ ಖಾಲಿ ಬಿಡಿ. ನಿಂಬೆ ಹಿಂಡಿದ ಸೋಡಾಗೆ ಮಾತ್ರ ಹಾಕಬೇಡಿ, ಹಾಲು ಒಡೆದ ಹಾಗೆ ಆಗುತ್ತದೆ.