ಮೂಲಭೂತ ಹಕ್ಕು ತಪ್ಪಿದೆ ಅಂತ ಕ್ರಿಮಿನಲ್ ಅಪೀಲಿನಲ್ಲಿ ವಾದಿಸಬಹುದಾ?

ನಿಮ್ಮ ತಮ್ಮನಿಗೆ ಸೆಷನ್ಸ್ ಕೋರ್ಟಿನಲ್ಲಿ ಜೀವಾವಧಿ ಶಿಕ್ಷೆ ಆಗಿದೆ, ಉಚಿತವಾಗಿ ಕೊಟ್ಟ ವಕೀಲರು ಮುಖ್ಯ ಸಾಕ್ಷಿಗೆ ಒಂದು ಪ್ರಶ್ನೆಯನ್ನೂ ಹಾಕಲಿಲ್ಲ, ಹೈಕೋರ್ಟಿನಲ್ಲಿ ಇದು ನಿಲ್ಲುತ್ತಾ ಅಂತ ಕೇಳಿದ್ದೀರಿ. ನಿಲ್ಲುತ್ತದೆ. ಆದರೆ ಸುಮ್ನೆ 'ಸಂವಿಧಾನದ 21ನೇ ವಿಧಿಯ (ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ) ಉಲ್ಲಂಘನೆ' ಅಂತ ಒಂದು ಸಾಲು ಬರೆದರೆ ಸಾಲದು. ನಾನು ಕ್ರಿಮಿನಲ್ ಅಪೀಲು ನಡೆಸುವ ವಕೀಲ. ಹಕ್ಕು ಯಾವ ದಿನ ತಪ್ಪಿತು, ಅದರಿಂದ ಏನು ಕೆಟ್ಟಿತು ಅನ್ನೋದನ್ನು ಕೆಳಗಿನ ಕೋರ್ಟಿನ ಕಾಗದದಲ್ಲೇ ತೋರಿಸಬೇಕು.

ಮೊದಲು ಆರ್ಡರ್ ಶೀಟಿನ, ಅಂದರೆ ಕೋರ್ಟಿನಲ್ಲಿ ದಿನದಿನ ನಡೆದದ್ದನ್ನು ಬರೆದಿಡುವ ಹಾಳೆಗಳ, ನಕಲು ತೆಗೆಸಿ. ವಕೀಲರನ್ನು ನೇಮಿಸಿದ ತಾರೀಖು, ದೋಷಾರೋಪ ಓದಿ ಹೇಳಿದ ತಾರೀಖು, ಆ ಸಾಕ್ಷಿಯ ಹೇಳಿಕೆ ಆದ ತಾರೀಖು, ಮೂರನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಹೇಳಿಕೆಯ ಕೊನೆಯಲ್ಲಿ 'ಪಾಟೀಸವಾಲು ಇಲ್ಲ' (ಎದುರು ಪಕ್ಷದ ಸಾಕ್ಷಿಗೆ ಪ್ರಶ್ನೆ ಹಾಕಿಲ್ಲ) ಅಂತ ಇದೆಯಾ? ಆ ದಿನ ವಕೀಲರು ಸಮಯ ಕೇಳಿದ್ದರಾ? ಆಮೇಲೆ ಸಾಕ್ಷಿಯನ್ನು ಮತ್ತೆ ಕರೆಸಲು ಅರ್ಜಿ ಹಾಕಿದ್ದರಾ? ನಿಮ್ಮ ಅಪೀಲಿನ ಜೀವ ಇರೋದು ಇಲ್ಲೇ.

ಮಧ್ಯಪ್ರದೇಶದ ಅನೋಖಿಲಾಲ್ ಪ್ರಕರಣ ನೋಡಿ. 2013ರಲ್ಲಿ ವಕೀಲರನ್ನು ನೇಮಿಸಿದ ದಿನವೇ ದೋಷಾರೋಪ ಹೊರಿಸಿದರು. ಸುಮಾರು ಎರಡು ವಾರದಲ್ಲಿ ಮರಣದಂಡನೆಯ ತೀರ್ಪೂ ಬಂತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಹೊಸದಾಗಿ ವಿಚಾರಣೆ ನಡೆಸಲು ಹೇಳಿತು. ಜೀವಾವಧಿ ಅಥವಾ ಮರಣದಂಡನೆ ಆಗಬಹುದಾದ ಕೇಸಿನಲ್ಲಿ ನೇಮಕವಾದ ವಕೀಲರ ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಕೊಡಬೇಕು ಅಂತಲೂ ಹೇಳಿತು. ನನ್ನ ಪ್ರಕಾರ 7 ದಿನವೂ ಕಡಿಮೆಯೇ. ಕೇಸಿನ ಕಾಗದ ಓದದ ವಕೀಲರನ್ನು ಪಕ್ಕದಲ್ಲಿ ನಿಲ್ಲಿಸಿದರೆ ಆರೋಪಿಗೆ ವಕೀಲರನ್ನು ಕೊಟ್ಟಂತಾಗುವುದಿಲ್ಲ.

'ನಿಮ್ಮ ತಮ್ಮ ಬಾಯಿಬಿಟ್ಟು ಏನೂ ಕೇಳಲಿಲ್ಲವಲ್ಲ' ಅಂತ ಸರ್ಕಾರಿ ವಕೀಲರು ಹೇಳಿದರೆ ಹೆದರಬೇಡಿ. ಅರುಣಾಚಲದ ಸುಕ್ ದಾಸ್ ಪ್ರಕರಣದಲ್ಲಿ, 1986ರಲ್ಲಿ, ಆರೋಪಿ ಬಾಯಿಬಿಟ್ಟು ಕೇಳದಿದ್ದರೂ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ ಅಂತ ಆರೋಪಿಗೆ ತಿಳಿಸುವುದೇ ಕೋರ್ಟಿನ ಕೆಲಸ ಎಂದು ತೀರ್ಪು ಬಂತು. ಶಿಕ್ಷೆ ರದ್ದಾಯಿತು.

ಬಂಧನದ ಮೊದಲ ದಿನಗಳಲ್ಲಿ ವಕೀಲರು ಇರಲಿಲ್ಲ ಅನ್ನೋದಷ್ಟೇ ನಿಮ್ಮ ದೂರಾದರೆ ಕಷ್ಟ. ಅದರಿಂದ ಬೇರೆ ಹಾನಿ ಆಗಿರದಿದ್ದರೆ ವಿಚಾರಣೆ ಬಿದ್ದುಹೋಗುವುದಿಲ್ಲ ಅಂತ ಮುಂಬೈ ದಾಳಿಯ ಕಸಬ್ ಪ್ರಕರಣದ 2012ರ ತೀರ್ಪಿನಲ್ಲಿ ಹೇಳಿದೆ. ಆದ್ದರಿಂದ ಹಾನಿಯನ್ನು ಬಿಡಿಸಿ ಬರೆಯಿರಿ. ಆ ಸಾಕ್ಷಿಗೆ ಏನು ಕೇಳಬಹುದಿತ್ತು? ಪೊಲೀಸರಿಗೆ ಕೊಟ್ಟ ಹೇಳಿಕೆಗೂ ಕೋರ್ಟಿನಲ್ಲಿ ಹೇಳಿದ್ದಕ್ಕೂ ವ್ಯತ್ಯಾಸ ಇದೆಯಾ? ರಾತ್ರಿ ಹೊತ್ತಿನ ಘಟನೆಯಾದರೆ ಬೆಳಕು ಎಲ್ಲಿತ್ತು? ಗುರುತು ಹೇಗೆ ಹಿಡಿದರು?

ಒಂದು ಮಾತು ಮನೆಯವರಿಗೆ ಮೊದಲೇ ಹೇಳಿಬಿಡಿ. ಈ ವಾದದಲ್ಲಿ ಗೆದ್ದರೂ ಸಾಮಾನ್ಯವಾಗಿ ಸಿಗೋದು ಮರುವಿಚಾರಣೆ, ನೇರ ಬಿಡುಗಡೆ ಅಲ್ಲ. ಹಾಗಾಗಿ ಸಾಕ್ಷ್ಯವೇ ಸಾಲದು ಅನ್ನೋ ವಾದವನ್ನೂ ಅದೇ ಅಪೀಲಿನಲ್ಲಿ ಸೇರಿಸಿ. ಜೊತೆಗೆ ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಡಿ ಅಂತ ಅರ್ಜಿ ಹಾಕಿ.

ಶಿಕ್ಷೆ ವಿಧಿಸಿದ ದಿನದಿಂದ 60 ದಿನದೊಳಗೆ ಹೈಕೋರ್ಟಿಗೆ ಹೋಗಬೇಕು. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಈ 60ರಲ್ಲಿ ಲೆಕ್ಕ ಹಿಡಿಯುವುದಿಲ್ಲ. ತಡವಾಗಿದ್ದರೆ ಕಾರಣ ಹೇಳಿ ಮನ್ನಾ ಕೇಳಬಹುದು. ದುಡ್ಡಿಲ್ಲ ಅಂತ ಕೈಬಿಡಬೇಡಿ. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ತಮ್ಮನಿಂದ ಜೈಲಿನ ಮೂಲಕವೇ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಿಸಿ.