ಮೇಷ್ಟ್ರಮ್ಮನ ಉತ್ತರ: ನರಿಗೆ ಪಟ್ಟೆ ಬರೆದ ಹುಡುಗಿ

ಪ್ರಶ್ನೆ: ನಾನು ಬಯಲುಸೀಮೆಯವಳು. ಈ ವರ್ಷ ಕೊಡಗಿನ ಸಿದ್ದಾಪುರ ಕಡೆಯ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಬಂದಿದ್ದೇನೆ. ಒಂದರಿಂದ ಮೂರನೇ ತರಗತಿವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ. ಕಾಫಿ ತೋಟದ ಕೂಲಿಯವರ ಲೈನ್‌ಮನೆ ಮಕ್ಕಳೇ ಜಾಸ್ತಿ. ಮನೆಮಾತು ಯರವ, ಮಲಯಾಳ, ತಮಿಳು, ಕೊಡವ ತಕ್ಕ್ ಹೀಗೆ. ಏನು ಕೇಳಿದರೂ ಸುಮ್ನೆ ನನ್ನ ಮುಖ ನೋಡುತ್ತಾರೆ. ಮಳೆ ಬಂದರೆ ಶೀಟಿನ ಸದ್ದಿಗೆ ನನ್ನ ಮಾತು ನನಗೇ ಕೇಳಿಸುವುದಿಲ್ಲ. ಕೆಲವರು ಕಣ್ಣಿಂದ, ಕೆಲವರು ಕಿವಿಯಿಂದ, ಕೆಲವರು ಕೈಯಿಂದ ಕಲಿಯುತ್ತಾರಂತೆ. ಹಾಗೆ ಗುಂಪು ಮಾಡಲೇ? ಗೋಡೆ ಪಕ್ಕ ಕೂರುವ ಹುಡುಗನೊಬ್ಬ ಯಾವುದಕ್ಕೂ ಉತ್ತರವನ್ನೇ ಕೊಡುವುದಿಲ್ಲ.
– ಹೆಸರು ಬೇಡ

ಉತ್ತರ: ನಿಮ್ಮ ಪತ್ರ ಓದುತ್ತಾ ನನ್ನ ಮೊದಲ ವರ್ಷ ನೆನಪಾಯಿತು, ತಂಗಿ. ಗೋಣಿಕೊಪ್ಪ ಹತ್ತಿರದ ಶಾಲೆ. ನರಿ ಮತ್ತು ದ್ರಾಕ್ಷಿ ಕತೆ ಹೇಳಿ, ಚಿತ್ರ ಬರೆಯಿರಿ ಅಂದೆ. ಎರಡನೇ ತರಗತಿಯ ಹುಡುಗಿಯೊಬ್ಬಳು ನರಿಯ ಮೈತುಂಬ ಪಟ್ಟೆ ಎಳೆದಳು. ‘ಇದು ಹುಲಿಯಲ್ವಾ? ನಾನು ಹೇಳಿದ್ದು ನರಿ’ ಅಂತ ಅಡ್ಡಗೆರೆ ಹಾಕಿಬಿಟ್ಟೆ. ಅವತ್ತಿಡೀ ಅವಳು ಬಾಯಿ ಬಿಡಲಿಲ್ಲ. ಸಂಜೆ ಕರೆದೊಯ್ಯಲು ಬಂದ ಅಜ್ಜಿ ಹೇಳಿದರು: ಕೊಡವ ತಕ್ಕಿನಲ್ಲಿ ನರಿ ಅಂದರೆ ಹುಲಿ. ಹಿಂದೆ ಹುಲಿ ಕೊಂದವನಿಗೆ ಮಾಡುತ್ತಿದ್ದ ಗೌರವದ ಹೆಸರೇ ‘ನರಿ ಮಂಗಲ’. ಹುಡುಗಿ ಸರಿಯಾಗಿಯೇ ಕೇಳಿಸಿಕೊಂಡಿದ್ದಳು. ಆ ಅಡ್ಡಗೆರೆ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಅಂದಿನಿಂದ ಮೊದಲು ವಸ್ತು ಇಲ್ಲವೇ ಚಿತ್ರ ತೋರಿಸುತ್ತಿದ್ದೆ. ‘ನಿಮ್ಮನೇಲಿ ಇದಕ್ಕೆ ಏನಂತೀರಿ?’ ಅಂತ ಕೇಳುತ್ತಿದ್ದೆ. ಕನ್ನಡದ ಪದ ಆಮೇಲೆ. ಒಂದು ಲೋಟ ಹಾಲು ಇಟ್ಟು ಕೇಳಿ ನೋಡಿ. ಕೊಡವ, ಮಲಯಾಳ, ತಮಿಳು ಮಕ್ಕಳೆಲ್ಲ ‘ಪಾಲ್’ ಅಂತಾರೆ. ಹೂ ತೋರಿಸಿದರೆ ‘ಪೂ’. ಹಲ್ಲು ಮುಟ್ಟಿದರೆ ‘ಪಲ್ಲ್’. ಪ ಇದ್ದಲ್ಲಿ ಕನ್ನಡದಲ್ಲಿ ಹ ಬರುತ್ತೆ ಅಂತ ಮಕ್ಕಳೇ ಕಂಡುಹಿಡಿಯುತ್ತಾರೆ. ಆಗ ಆ ಕೋಣೆಯ ಗದ್ದಲ ಕೇಳಬೇಕು ನೀವು!

ಗುಂಪು ಮಾತ್ರ ಮಾಡಬೇಡಿ. ಕಣ್ಣಿನ ಮಗು, ಕಿವಿಯ ಮಗು ಅಂತ ವಿಂಗಡಿಸಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. 2008ರಲ್ಲಿ ಅಮೆರಿಕದ ನಾಲ್ವರು ಮನಶ್ಶಾಸ್ತ್ರಜ್ಞರು ಇದ್ದ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ ಹೀಗೇ ಹೇಳಿದರು. ಯಾವ ಪಾಠಕ್ಕೆ ಯಾವ ಇಂದ್ರಿಯ ಬೇಕು ಅಂತ ನೋಡಿ, ಅದು ಎಲ್ಲ ಮಕ್ಕಳಿಗೂ ಸಿಗಲಿ.

ಕ ಮತ್ತು ಖ, ಪ ಮತ್ತು ಫ ಕಿವಿಯ ಪಾಠ ಅಂದುಕೊಳ್ಳುತ್ತೇವೆ. ಆದರೆ ಬಾಯಿ ಮುಂದೆ ಸಣ್ಣ ಕಾಗದದ ಚೂರು ಹಿಡಿದು ‘ಪ’ ಅನ್ನಿ, ಅಷ್ಟಾಗಿ ಅಲುಗುವುದಿಲ್ಲ. ‘ಫಲ’ ಅನ್ನುವಾಗ ಉಸಿರು ಒತ್ತಿ ಬಿಟ್ಟರೆ ಪಟ್ಟನೆ ಹಾರುತ್ತದೆ. ಕ, ಗ ಕಲಿಸುವಾಗ ಗಂಟಲ ಮೇಲೆ ಬೆರಳಿಡಿಸಿ. ‘ಗ’ಕ್ಕೆ ಗಂಟಲು ಗುಂಯ್ ಅನ್ನುವುದು ಬೆರಳಿಗೇ ಗೊತ್ತಾಗುತ್ತದೆ. ತಮಿಳು ಲಿಪಿಯಲ್ಲಿ ಇವೆರಡಕ್ಕೂ ಒಂದೇ ಅಕ್ಷರ, ಹಾಗಾಗಿ ಆ ಮನೆಯ ಮಕ್ಕಳಿಗೆ ಇದು ತುಂಬಾ ಬೇಕು. ಆಷಾಢದ ಮಳೆ ಶೀಟಿನ ಮೇಲೆ ಎಷ್ಟೇ ಬಡಿಯಲಿ, ಈ ಪಾಠ ನಿಲ್ಲುವುದಿಲ್ಲ.

ಲೆಕ್ಕಕ್ಕೆ ಕಾಫಿ ಬೀಜ ಸಾಕು. ಹತ್ತು ಬೀಜ ಒಂದು ಬೆಂಕಿಪೊಟ್ಟಣಕ್ಕೆ, ಹತ್ತು ಪೊಟ್ಟಣ ಸೇರಿದರೆ ನೂರು. ಕೊಯ್ಲಿನಲ್ಲಿ ಅಮ್ಮನ ಚೀಲ ತೂಗುವುದನ್ನು ನೋಡಿ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಆ ಹುಡುಗ. ದಯವಿಟ್ಟು ಅವನನ್ನು ದಡ್ಡ ಅನ್ನಬೇಡಿ, ಮೊದಲು ಕಿವಿ ನೋಡಿ. ಮಳೆ ಇಲ್ಲದ ಹೊತ್ತಲ್ಲಿ ಅವನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯಿರಿ. ತಿರುಗದಿದ್ದರೆ, ಮಾತಾಡುವಾಗ ನಿಮ್ಮ ತುಟಿಯನ್ನೇ ನೋಡುತ್ತಿದ್ದರೆ, ಕಿವಿ ಸೋರುತ್ತಿದ್ದರೆ ತಡ ಮಾಡಬೇಡಿ. ನೆಗಡಿ ಬಿಡದ ಮಕ್ಕಳಿಗೆ ಕಿವಿತಮಟೆಯ ಹಿಂದೆ ನೀರು ನಿಂತು ಕೇಳುವುದು ಮಂದವಾಗುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ, ಹಾಗಾಗಿ ಮಗುವೂ ಹೇಳುವುದಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆಗೇ ಬಂದು ತಪಾಸಣೆ ಮಾಡುತ್ತಾರೆ. ಅವರಿಗೆ ಇವನ ಹೆಸರು ಮೊದಲು ಕೊಡಿ. ಮುಂದಿನ ಪರೀಕ್ಷೆ ಬೇಕಾದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಎಣ್ಣೆ ಕಾಯಿಸಿ ಕಿವಿಗೆ ಬಿಡಬೇಡಿ ಅಂತ ಅಮ್ಮನಿಗೆ ಹೇಳಿ.

ಅಲ್ಲಿಯವರೆಗೆ ಅವನನ್ನು ಗೋಡೆ ಪಕ್ಕದಿಂದ ಎಬ್ಬಿಸಿ, ನಿಮ್ಮ ಎದುರಿಗೆ ಕೂರಿಸಿಕೊಳ್ಳಿ. ಕಿಟಕಿಯ ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಬೋರ್ಡಿಗೆ ಮುಖ ಮಾಡಿ ಮಾತಾಡಬೇಡಿ. ಡಾಕ್ಟರು ಏನು ಹೇಳಿದರು ಅಂತ ನನಗೆ ಖಂಡಿತ ಬರೆಯಿರಿ.